ಮಾವನ ಎಸ್

ನನ್ನ ಸೋದರಮಾವ ಶಾಲೆ ಬಿಟ್ಟದ್ದು ಇಂಗ್ಲಿಷ್ ಪುಸ್ತಕದಲ್ಲಿ ಕ್ರಿಯಾಪದಗಳು ಬರುವುದಕ್ಕೆ ಸ್ವಲ್ಪ ಮೊದಲು. "ನಾಮಪದದವರೆಗೂ ಓದಿದೀನಿ" ಎಂದು ಅವರು ಕೇಳಿದವರಿಗೆ ಹೇಳುತ್ತಿದ್ದರು, ದೊಡ್ಡ ಡಿಗ್ರಿಯೊಂದರ ಹೆಸರು ಹೇಳುವ ಗತ್ತಿನಲ್ಲಿ. ಹಸು, ಮರ, ಕುರ್ಚಿ, ರಾಜ, ಹಡಗು ಎಲ್ಲವೂ ಅವರಿಗೆ ಇಂಗ್ಲಿಷಿನಲ್ಲಿ ಗೊತ್ತಿತ್ತು. ಹಸು ಏನು ಮಾಡಿತು, ಯಾವಾಗ ಮಾಡಿತು ಎನ್ನುವ ಪಾಠ ಶುರುವಾಗುವ ಹೊತ್ತಿಗೆ ಅವರು ಬೋರ್ಡು ಬರೆಯುವವನೊಬ್ಬನ ಹಿಂದೆ ಏಣಿ ಹೊತ್ತುಕೊಂಡು ಹೊರಟುಹೋಗಿದ್ದರು. ಆ ಹಸು ಅಲ್ಲೇ ನಿಂತಿತು.

ಅಕ್ಷರ ಅವರಿಗೆ ಓದುವ ವಸ್ತುವಲ್ಲ, ನೋಡುವ ವಸ್ತು. ಓ ಎಂದರೆ ಉಂಡು ಕೂತ ಯಜಮಾನ. ಐ ಎಂದರೆ ಬಡಪಾಯಿ, ಎಂಥ ಇಕ್ಕಟ್ಟಿನಲ್ಲೂ ನಿಲ್ಲಿಸಬಹುದು. ಡಬ್ಲ್ಯೂ ಬಂದರೆ ಇಡೀ ಬೆಂಚು ಅದಕ್ಕೇ ಬೇಕು. "ನೆಂಟರ ಮನೆಗೆ ಬಂದ ದೊಡ್ಡತ್ತೆ ಥರ, ಒಂದು ಕಡೆ ಸರೀರಿ ಅಂದ್ರೆ ಇನ್ನೊಂದು ಕಡೆ ಮೊಣಕೈ ಚಾಚ್ತಾಳೆ" ಎನ್ನುತ್ತಿದ್ದರು. ಎಸ್ ಮಾತ್ರ ಬೇರೆ. ಎಸ್ ಬರೆಯುವಾಗ ಮಾವ ಮಾತು ನಿಲ್ಲಿಸುತ್ತಿದ್ದರು, ಉಸಿರನ್ನೂ. ಬ್ರಷ್ಷು ಮೇಲಿನಿಂದ ಬಳಸಿ ಬಂದು, ನಡುವಿನಲ್ಲಿ ತುಸು ಸಣ್ಣಗಾಗಿ, ಮತ್ತೆ ತುಂಬಿಕೊಂಡು ಕೆಳಗೆ ಸುತ್ತಿ, ಕೊನೆಯಲ್ಲಿ ಬೆಕ್ಕಿನ ಬಾಲದ ತುದಿಯಂತೆ ಚೂರೇ ಚೂರು ಮೇಲಕ್ಕೆ ಎದ್ದು ನಿಲ್ಲುತ್ತಿತ್ತು. ಒಮ್ಮೆ ಇಟ್ಟ ಬ್ರಷ್ಷನ್ನು ಎತ್ತುವಂತಿಲ್ಲ. ಚಿಕ್ಕವಳಿದ್ದಾಗ ನಾನು ಏಣಿಯ ಬುಡದಲ್ಲಿ ಕೂತು ಅದಕ್ಕೇ ಕಾಯುತ್ತಿದ್ದೆ. ಅವರು ಕೆಳಗಿಳಿದು, ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿ, "ಎಸ್ ಇಲ್ಲದ ಬೋರ್ಡು ಉಪ್ಪಿಲ್ಲದ ಊಟ" ಎನ್ನುವರು. ಆಗ ಟರ್ಪೆಂಟೈನ್ ವಾಸನೆಯ ಗಾಳಿಯಲ್ಲಿ ಆ ಅಕ್ಷರ ಇನ್ನೂ ಒದ್ದೆಯಾಗಿ ಹೊಳೆಯುತ್ತಿರುತ್ತಿತ್ತು.

ತೊಂದರೆ ಇದ್ದದ್ದು ಇಲ್ಲೇ. ಅಂಗಡಿಯವರು ಬಂದು ತಮಗೆ ಬೇಕಾದ ವಿಷಯವನ್ನು ಬಾಯಲ್ಲಿ ಹೇಳಿಹೋಗುವರು. ಅದನ್ನು ಇಂಗ್ಲಿಷಿನಲ್ಲಿ ಕೂರಿಸುವುದು ಮಾವನ ಕೆಲಸ. ಮಾವ ಮೊದಲು ಹಲಗೆಯನ್ನು ಗೇಣಿನಲ್ಲಿ ಅಳೆಯುವರು. ಮೇಲಿನ ಸಾಲು, ಕೆಳಗಿನ ಸಾಲು ಸಮ ಇರಲೇಬೇಕು, ಇಲ್ಲದಿದ್ದರೆ ಬೋರ್ಡು ಕುಂಟುತ್ತದೆ ಎನ್ನುವುದು ಅವರ ನಂಬಿಕೆ. ಜಾಗ ಸ್ವಲ್ಪ ಮಿಕ್ಕಿತೆಂದರೆ ಒಂದು ಎಸ್ ಹಾಕುವರು. ಇನ್ನೂ ಮಿಕ್ಕಿತೆಂದರೆ ಇ ಮತ್ತು ಡಿ. ಡಿ ಕೊನೆಯಲ್ಲಿ ನಿಂತರೆ ಗೋಡೆಗೆ ಕಂಬ ಕೊಟ್ಟಷ್ಟು ಭದ್ರ. ಜಾಗ ಸಾಲದಿದ್ದರೆ ಯಾವುದಾದರೂ ಬಾಲ ಕತ್ತರಿಸುವರು. ಹೀಗೆ ನಮ್ಮ ಮಾರ್ಕೆಟ್ ಬೀದಿಯ ಇಂಗ್ಲಿಷಿನಲ್ಲಿ ಯಾವುದು ಆಗಿಹೋಯಿತು, ಯಾವುದು ಆಗಲಿದೆ, ಯಾರು ಒಬ್ಬರು, ಯಾರು ಹಲವರು ಎನ್ನುವುದೆಲ್ಲ ಹಲಗೆಯ ಅಗಲದ ಮೇಲೆ ನಿರ್ಧಾರವಾಗುತ್ತಿತ್ತು.

ಬೇಕರಿಯ ಬೋರ್ಡು 'ವಿ ಬೇಕ್ಡ್ ಡೈಲಿ'. ಬೇಕ್ಡ್ ಮೇಲೆ, ಡೈಲಿ ಕೆಳಗೆ, ಇಂಗ್ಲಿಷಿನಲ್ಲಿ ಐದೈದು ಅಕ್ಷರ, ಅಣ್ಣತಮ್ಮಂದಿರ ಹಾಗೆ. ಬಟ್ಟೆ ಒಗೆಯುವವನ ಅಂಗಡಿಯದು 'ವಿ ವಿಲ್ ವಾಶ್ಡ್'. "ವಿಲ್ ಅಂದ್ರೆ ಒಗೀತೀವಿ. ವಾಶ್ಡ್ ಅಂದ್ರೆ ಒಗೆದಾಯ್ತು. ಎರಡೂ ಇದ್ರೆ ಗಿರಾಕಿಗೆ ಧೈರ್ಯ" ಎಂದು ಮಾವ ಸಮಜಾಯಿಷಿ ಕೊಟ್ಟಿದ್ದರು. ಚಪ್ಪಲಿ ರಿಪೇರಿಯವನಿಗೆ 'ಶೂಸ್ ರಿಪೇರ್ಸ್ ಹಿಯರ್', ಎರಡು ಪದಕ್ಕೂ ಎಸ್, ಎರಡೂ ಒಂದನ್ನೊಂದು ಮೀರಿಸುವಂಥವು. ಡಾಕ್ಟರ ಶಾಪಿನ ಬಾಗಿಲಲ್ಲಿ 'ಡಾಕ್ಟರ್ ಆರ್ ಇನ್'. ಅದು ಮಾತ್ರ ಜಾಗದ ಪ್ರಶ್ನೆಯಲ್ಲ, ಮರ್ಯಾದೆಯದು. "ಈಸ್ ಅಂದ್ರೆ ಒಬ್ಬನೇ ಒಬ್ಬ. 'ಡಾಕ್ಟ್ರು ಒಳಗಿದಾರೆ' ಅಂತೀವೋ, 'ಡಾಕ್ಟ್ರ ಒಳಗಿದಾನೆ' ಅಂತೀವೋ? ಹಿರಿಯರಿಗೆ ಬಹುವಚನ ಕೊಟ್ರೆ ನಮ್ಮ ಗಂಟೇನು ಹೋಗುತ್ತೆ?"

ಅವರು ಬರೆದ ಬೋರ್ಡುಗಳಲ್ಲಿ ಎಸ್ ಇಲ್ಲದವು ಕೆಲವೇ, ಅವರ ಮನೆಯ ಗೇಟಿನ ಮೇಲಿನದು ಅವುಗಳಲ್ಲೊಂದು. ಮದುವೆಗೆ ಮುಂಚಿನ ವಾರ, ಹೆಂಡತಿ ಬರುತ್ತಾಳೆಂದು ಬರೆದದ್ದು. ಮೇಲೆ ದೊಡ್ಡದಾಗಿ 'ಪೇಂಟರ್', ಕೆಳಗೆ 'ಲಿವ್' ಮತ್ತು 'ಹಿಯರ್', ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರ ಆ ಕಡೆ, ನಾಲ್ಕು ಈ ಕಡೆ, ನಡುವೆ ಒಂದು ಬ್ರಷ್ಷಿನ ಚಿತ್ರ. "ಗಂಡ ಹೆಂಡತಿ ಒಂದೇ ಎತ್ತರ ಇರಲಿ ಅಂತ" ಎಂದು ಹೇಳಿದ್ದರಂತೆ. ಅತ್ತೆ ಆಗ ನಾಚಿದ್ದರಂತೆ. ಆಮೇಲೆ ನಾಚಲಿಕ್ಕೆ ಅವರಿಗೆ ಪುರುಸೊತ್ತು ಸಿಗಲಿಲ್ಲ. ಏಣಿ ಒಳಗೆ ಹೊರಗೆ ಓಡಾಡಬೇಕಲ್ಲ, ಗೇಟನ್ನು ಸದಾ ಹಿಂದಕ್ಕೆ ತಳ್ಳಿ ಗೋಡೆಗೆ ಒರಗಿಸಿಯೇ ಇಡುತ್ತಿದ್ದರು. ಬೋರ್ಡಿನ ಮುಖ ಗೋಡೆಯ ಕಡೆ. ಹೀಗಾಗಿ ಆ ಬೋರ್ಡು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಕಾಣಿಸುತ್ತಿರಲಿಲ್ಲ.

ಮಾರ್ಕೆಟ್ ಬೀದಿಯ ಇನ್ನೊಂದು ತುದಿಯಲ್ಲಿ ನಿವೃತ್ತ ಇಂಗ್ಲಿಷ್ ಹೆಡ್‌ಮಾಸ್ಟರೊಬ್ಬರು ಇದ್ದರು. ಹೆಂಡತಿ ತೀರಿಕೊಂಡಿದ್ದರು. ಮಗನಿಗೆ ಗಡಿಯಾರ ರಿಪೇರಿ ಅಂಗಡಿ. ಪ್ರತಿ ಬೆಳಿಗ್ಗೆ ವಾಕಿಂಗ್ ಹೊರಡುವಾಗ ಮೇಷ್ಟ್ರು ಜೇಬಿನಲ್ಲಿ ಒಂದು ಸೀಮೆಸುಣ್ಣ ಇಟ್ಟುಕೊಳ್ಳುವರು. ತಪ್ಪು ಬೋರ್ಡು ಕಂಡಲ್ಲಿ ನಿಂತು, ಅದರ ಕೆಳಗಿನ ಗೋಡೆಯ ಮೇಲೆ ಸರಿಯಾದದ್ದನ್ನು ಬರೆದು, ಅಡಿಯಲ್ಲಿ ಗೆರೆ ಎಳೆದು ಮುಂದೆ ಹೋಗುವರು. ಅಂಗಡಿಯವರು ಗುಡಿಸುವಾಗ ಅದನ್ನೂ ಒರೆಸಿಹಾಕುವರು. ಮಾರನೆಯ ದಿನ ಮತ್ತೆ ಅದೇ. "ಅಪ್ಪ ಕಾಲ ತಿದ್ದುತ್ತಾರೆ, ಮಗ ಗಡಿಯಾರ ತಿದ್ದುತ್ತಾನೆ, ಇಬ್ಬರಲ್ಲಿ ಒಬ್ಬರದ್ದೂ ಸರಿಯಾಗಿ ನಡೆಯಲ್ಲ" ಎಂದು ಬೀದಿ ನಗುತ್ತಿತ್ತು.

ಮೇಷ್ಟ್ರು ಬರೆದು ಸುಮ್ಮನಾಗುತ್ತಿದ್ದರೆ ಆಗುತ್ತಿತ್ತು. ಪ್ರಶ್ನೆ ಬೇರೆ ಕೇಳುವರು.

"ನೀವು ಹಿಂದೆ ಪ್ರತಿದಿನ ಬ್ರೆಡ್ ಮಾಡ್ತಿದ್ರಾ?" ಎಂದು ಬೇಕರಿಯವನನ್ನು.

"ಈಗಲೂ ಮಾಡ್ತೀನಲ್ಲ ಸಾರ್. ಬಿಸಿ ಇದೆ, ಮುಟ್ಟಿ ನೋಡಿ."

"ಮಾಡ್ತಿದ್ದೆವು ಅಂತ ನಿಮ್ಮ ಬೋರ್ಡು ಹೇಳ್ತಿದೆ."

"ಬೋರ್ಡಿಗೇನು ಗೊತ್ತು ಸಾರ್, ಅದು ಹೊರಗೆ ನೇತಾಡ್ಕೊಂಡಿರುತ್ತೆ."

ಚಪ್ಪಲಿಯವನ ಹತ್ತಿರ ನಿಂತು, "ಇಲ್ಲಿ ಶೂಗಳೇ ರಿಪೇರಿ ಮಾಡ್ತವೆ ಅಂತ ಬರೆದಿದೆಯಲ್ಲಪ್ಪ, ಒಂದು ಜೊತೆ ನಮ್ಮನೆಗೆ ಕಳಿಸು, ನಲ್ಲಿ ಸೋರ್ತಿದೆ" ಎನ್ನುವರು. ಹೊರಡುವಾಗ ಎಲ್ಲರಿಗೂ ಒಂದೇ ಮಾತು: "ಇದನ್ನ ಬರೆದವನು ಒಂದು ದಿನ ನನ್ನ ಕೈಗೆ ಸಿಗಲಿ."

ಮಾವ ಸಿಗಲಿಲ್ಲ. ಮೇಷ್ಟ್ರ ಕೊಡೆ ದೂರದಲ್ಲಿ ಕಂಡರೆ ಸಾಕು, ಏಣಿಯ ಮೇಲೆ ಇನ್ನೆರಡು ಮೆಟ್ಟಿಲು ಹತ್ತಿಬಿಡುವರು. ಏಣಿಯ ಮೇಲಿರುವವನ ಮುಖವನ್ನು ಯಾರೂ ನೋಡುವುದಿಲ್ಲ, ಕಾಲನ್ನಷ್ಟೇ ನೋಡುತ್ತಾರೆ ಎನ್ನುವುದು ಅವರ ಅನುಭವ. ಹೀಗೆ ವರ್ಷಗಟ್ಟಲೆ ಮೇಷ್ಟ್ರು ಮಾವನ ಹಿಮ್ಮಡಿಯ ಕೆಳಗೇ ಸೀಮೆಸುಣ್ಣ ಹಿಡಿದು ಓಡಾಡಿದರು.

ಬೀದಿಯಲ್ಲಿ ಇದರ ಮೇಲೆ ಇನ್ನೇನೂ ಆಗದೆ ಇರಬಹುದಿತ್ತು. ಆದರೆ ಮಾವನ ಮಗಳ ಕೈಗಡಿಯಾರ ಕೆಟ್ಟಿತು.

ಮಾವನ ಮಗಳನ್ನು ಮನೆಯಲ್ಲಿ ಎಲ್ಲರೂ ಮೆಣಸು ಎನ್ನುತ್ತೇವೆ. ಮೆಣಸಿನ ನಾಲಗೆ ಅಂಥದ್ದು. ಬಣ್ಣ ಕಲೆಸುವುದು, ಗೆರೆ ಹೊಡೆಯುವುದು, ಏಣಿ ಹತ್ತುವುದು ಎಲ್ಲದರಲ್ಲೂ ಅಪ್ಪನ ಜೊತೆಗಾತಿ. ಅವಳ ಗಡಿಯಾರ ಒಂದು ವರ್ಷದಲ್ಲಿ ಎಷ್ಟು ಸಲ ಕೆಟ್ಟಿತೆಂದರೆ, ಕೊನೆಗೆ ಅತ್ತೆಗೇ ಅನುಮಾನ ಬಂತು. "ಗಡಿಯಾರ ಕೆಟ್ಟಿದೆಯೋ, ನೀನು ಕೆಟ್ಟಿದೀಯೋ?" ಎಂದು ಕೇಳಿದರು. ಮೆಣಸು, "ಗಡಿಯಾರ ಸರಿಯಾಗಿದೆ" ಎಂದಳು. ಅತ್ತೆ ಅಲ್ಲೇ ಕೂತರು.

ಅತ್ತ ಗಡಿಯಾರದ ಹುಡುಗ ತನ್ನ ಅಪ್ಪನ ಮುಂದೆ ಬಾಯಿಬಿಟ್ಟಿದ್ದ. ಹುಡುಗಿಯ ಅಪ್ಪ ಪೇಂಟರ್ ಎಂದಾಗ ಮೇಷ್ಟ್ರ ಕಣ್ಣು ಸಣ್ಣಗಾಯಿತಂತೆ. "ಯಾವ ಪೇಂಟರ್? ವಾಶ್ಡ್ ಬರೆದವನಾ?" ಹುಡುಗ ಒಳ್ಳೆಯವನು, ಆದರೆ ಸುಳ್ಳು ಹೇಳಿ ರೂಢಿಯಿಲ್ಲದವನು, ಗಾಬರಿಯಲ್ಲಿ ಒಂದು ಹೇಳಿ ಸಾಕು ಮಾಡುವುದು ಗೊತ್ತಾಗಲಿಲ್ಲ. "ಅಲ್ಲಪ್ಪ, ಅವನು ಹಳಬ, ಊರು ಬಿಟ್ಟು ಹೋದ. ಇವರು ಹೊಸಬರು. ಆ ಬೋರ್ಡನ್ನೆಲ್ಲ ಇವರೇ ತಿದ್ದೋಕೆ ಹೊರಟಿದಾರೆ" ಎಂದುಬಿಟ್ಟ. ಮೇಷ್ಟ್ರು, "ಹಾಗಾದ್ರೆ ಬರೋ ಭಾನುವಾರ ಬೀದಿ ನೋಡ್ಕೊಂಡೇ ಅವರ ಮನೆಗೆ ಹೋಗೋಣ" ಎಂದರಂತೆ.

ಆ ಸುದ್ದಿ ತಲುಪಿದ ಸಂಜೆ ಮಾವನ ಮನೆಯ ನಡುಮನೆಯಲ್ಲಿ ನಾನೂ ಇದ್ದೆ. ಕಾಲೇಜಿನಲ್ಲಿ ಇಂಗ್ಲಿಷ್ ಓದುವವಳೆಂದು ನನ್ನನ್ನು ಕರೆಸಿದ್ದರು, ಮನೆಗೆ ಹಾವು ಬಂದಾಗ ಹಿಡಿಯುವವನನ್ನು ಕರೆಸುವ ಹಾಗೆ.

"ಅಂದ್ರೆ ನನ್ನ ಊರಲ್ಲಿ ನಾನೇ ಹೊಸಬ" ಎಂದರು ಮಾವ.

"ಊರು ಬಿಟ್ಟು ಹೋದವನೂ ನೀವೇ" ಎಂದರು ಅತ್ತೆ. "ಎಲ್ಲಿಗೆ ಹೋದ್ರಿ ಅಂತ ಕೇಳಿದ್ರೆ ಏನು ಹೇಳೋದು ಅಂತ ಯೋಚನೆ ಮಾಡಿ."

"ನನ್ನ ಕೈಯಾರೆ ಬರೆದದ್ದನ್ನ ನನ್ನ ಕೈಯಾರೆ ಅಳಿಸಬೇಕು."

ಮೆಣಸು ಏನೂ ಹೇಳಲಿಲ್ಲ. ಅವಳು ಏನೂ ಹೇಳದೆ ಕೂತದ್ದನ್ನು ಆ ಮನೆ ಹಿಂದೆ ನೋಡಿರಲಿಲ್ಲ. ಮಾವ ಅವಳ ಕಡೆ ನೋಡಿದರು, ಆಮೇಲೆ ಗೋಡೆಗೆ ತೂಗುಹಾಕಿದ್ದ ಬ್ರಷ್ಷುಗಳ ಕಡೆ, ಆಮೇಲೆ ನನ್ನ ಕಡೆ. "ಹೇಳಮ್ಮ, ಎಲ್ಲೆಲ್ಲಿ ಏನೇನು ಕೀಳಬೇಕು?"

ಮರುದಿನದಿಂದ ಅಂಗಡಿಗಳು ತೆರೆಯುವ ಮುಂಚೆಯೇ ನಾವು ಬೀದಿಯಲ್ಲಿದ್ದೆವು. ಮೇಷ್ಟ್ರಿಗೆ ಮಗ ಹೇಗೋ ಮಾಡಿ ನೆಗಡಿಯ ನೆಪ ಹಚ್ಚಿ, ವಾರವಿಡೀ ಮನೆಯಲ್ಲೇ ಕೂರಿಸಿದ್ದ. ಏಣಿಯ ಬುಡದಲ್ಲಿ ನಿಂತು ನಾನು ಮಾವನಿಗೆ ಪಾಠ ಹೇಳಿದೆ. ಒಬ್ಬನೇ ಇದ್ದರೆ ಎಸ್ ಕ್ರಿಯಾಪದಕ್ಕೆ ಹೋಗುತ್ತದೆ, ಹಲವರಿದ್ದರೆ ನಾಮಪದಕ್ಕೆ. ಸಾಮಾನ್ಯವಾಗಿ ಇಬ್ಬರಿಗೂ ಒಟ್ಟಿಗೆ ಸಿಗುವುದಿಲ್ಲ ಎಂದೆ.

ಮಾವ ಮೇಲಿನಿಂದ ಯೋಚಿಸಿದರು. "ಮನೇಲಿ ಒಂದೇ ಶಾಲು. ಇವರು ಹೊದ್ರೆ ಅವರಿಗಿಲ್ಲ, ಅವರು ಹೊದ್ರೆ ಇವರಿಗಿಲ್ಲ."

"ಹೂಂ, ಹಾಗೇ."

"ಪಾಪ, ಬಡವರ ಭಾಷೆ" ಎಂದರು.

ಚಪ್ಪಲಿಯವನ ಬೋರ್ಡಿನಲ್ಲಿ ರಿಪೇರ್ಸ್‌ನ ಎಸ್ ತೆಗೆದು ಇ, ಡಿ ಹಾಕಬೇಕು ಎಂದಾಗ ಅವರಿಗೆ ಸಿಟ್ಟು ಬಂತು. "ಬೇಕರಿಯವನ ಹತ್ರ ಡಿ ಕಿತ್ಕೋ ಅಂದೆ. ಇವನಿಗೆ ಇ, ಡಿ ಕೊಡು ಅಂತೀಯ. ಅಲ್ಲೂ ಕ್ರಿಯಾಪದ, ಇಲ್ಲೂ ಕ್ರಿಯಾಪದ, ಇದ್ಯಾವ ನ್ಯಾಯ?"

"ಅಲ್ಲಿ ದಿನಾ ಮಾಡೋದು ಮಾವ. ಇಲ್ಲಿ ಮಾಡಿಸ್ಕೊಳ್ಳೋದು."

"ಬೇಕರಿಯವನದ್ದನ್ನೇ ತಂದು ಇಲ್ಲಿ ಅಂಟಿಸೋ ಹಾಗಿದ್ರೆ ಬಣ್ಣನಾದ್ರೂ ಉಳೀತಿತ್ತು."

ಒಗೆಯುವವನು ಇಸ್ತ್ರಿ ಪೆಟ್ಟಿಗೆ ಹಿಡಿದೇ ಹೊರಗೆ ಬಂದ. ವಾಶ್ಡ್‌ನಿಂದ ಬಾಲ ತೆಗೆಯುತ್ತೇವೆ ಎಂದಾಗ, "ಒಗೆದು ಮುಗಿಸೋ ಗ್ಯಾರಂಟಿ ತೆಗೆದುಬಿಟ್ರೆ ಬರೀ ಒಗೀತೀನಿ ಅನ್ನೋದು ಉಳಿಯುತ್ತೆ. ಒಗೀತೀನಿ ಒಗೀತೀನಿ ಅಂತ ಯಾರು ಬೇಕಾದ್ರೂ ಹೇಳಬಹುದು" ಎಂದು ವಾದಿಸಿದ. ಅವನ ಮಾತಿನಲ್ಲಿ ನ್ಯಾಯವಿತ್ತು. ಮದುವೆಯ ವಿಷಯ ಹೇಳಿದ ಮೇಲೆ ಒಪ್ಪಿಕೊಂಡ.

ಡಾಕ್ಟರು ಮಾತ್ರ ಒಪ್ಪಲಿಲ್ಲ. "ಏನಯ್ಯ, ಇಷ್ಟು ವರ್ಷ ಬಹುವಚನದಲ್ಲಿದ್ದವನನ್ನ ಈಗ ಏಕವಚನಕ್ಕೆ ಇಳಿಸ್ತೀಯ? ಈ ಊರಲ್ಲಿ ನನಗೆ ಮರ್ಯಾದೆ ಕೊಡೋದು ಅದೊಂದೇ ಬೋರ್ಡು. ಮನೇಲಿ ಹೆಂಡ್ತೀನೂ ಕೊಡಲ್ಲ" ಎಂದು ಬಾಗಿಲು ಹಾಕಿಕೊಂಡರು. ಆ ಬೋರ್ಡು ಹಾಗೇ ಉಳಿಯಿತು.

ಅಳಿಸಿದ ಜಾಗ ಮಾವನನ್ನು ಕಾಡುತ್ತಿತ್ತು. ಒಂದು ಅಕ್ಷರ ತೆಗೆದರೆ ಸಾಲು ಬೀಳುತ್ತದೆ, ಮುಂದಿನ ಹಲ್ಲು ಹೋದ ಬಾಯಂತೆ ಕಾಣುತ್ತದೆ. ಅದಕ್ಕೆ ಅವರು ಎಸ್ ಹೋಗಿ ಜಾಗ ಖಾಲಿ ಉಳಿದಲ್ಲೆಲ್ಲ ಒಂದು ಹಸಿರು ಎಲೆ ಬರೆದರು. ಬೇಕರಿಯ ಡಿ ಇದ್ದಲ್ಲಿ ಒಂದು ಬನ್ನು. ಬೇಕರಿಯವನಿಗೆ ಬನ್ನು ಎಷ್ಟು ಹಿಡಿಸಿತೆಂದರೆ, "ಇನ್ನೂ ಒಂದೆರಡು ಅಕ್ಷರ ತೆಗೆಯೋದಿದ್ರೆ ತೆಗೀರಿ" ಎಂದ. ಮಾವ ನಗಲಿಲ್ಲ. ಬೂದುಬಣ್ಣ ಒತ್ತಿ ಒಂದೊಂದು ಎಸ್ಸನ್ನು ಮುಚ್ಚುವಾಗಲೂ ಬರೆಯುವಾಗಿನಂತೆಯೇ ಉಸಿರು ಹಿಡಿಯುತ್ತಿದ್ದರು. ಕೊನೆಯಲ್ಲಿ ಆ ಬಾಲದ ತುದಿ ಮಾತ್ರ ಒಂದು ಕ್ಷಣ ಉಳಿದು, ಆಮೇಲೆ ಅದೂ ಹೋಗುವುದು. ಏಣಿಯನ್ನು ಹಿಡಿದು ನಿಂತ ಮೆಣಸು ಬೇರೆ ಕಡೆ ನೋಡುತ್ತಿದ್ದಳು.

ಭಾನುವಾರ ಅತ್ತೆ ಮನೆಯನ್ನು ತೊಳೆದಿಟ್ಟಿದ್ದರು. ಏಣಿಯನ್ನು ಹಿತ್ತಲಿಗೆ ಸಾಗಿಸಿದ್ದರು. ಮಾವ ಸೀಮೆಎಣ್ಣೆ ಹಚ್ಚಿ ಎಷ್ಟು ಉಜ್ಜಿದರೂ ಉಗುರಿನ ಸಂದಿಯಲ್ಲಿ ನೀಲಿ ಉಳಿದಿತ್ತು. "ಬಾಯಿ ಬಿಡಬೇಡಿ. ಏನು ಕೇಳಿದ್ರೂ ಹೂಂ ಅನ್ನಿ. ಹೂಂ ಅನ್ನೋದರಲ್ಲಿ ಯಾವ ತಪ್ಪೂ ಆಗಲ್ಲ" ಎಂದು ಅತ್ತೆ ಹೇಳಿಕೊಟ್ಟರು.

ಮೇಷ್ಟ್ರು ಮಗನ ಜೊತೆ ಬಂದರು. ತೆರೆದೇ ಇದ್ದ ಗೇಟಿನಿಂದ ಒಳಗೆ ಬಂದು, ಕೊಡೆಯನ್ನು ಮೂಲೆಗಿಟ್ಟು, ಕುರ್ಚಿಯ ತುದಿಯಲ್ಲಿ ಕೂತರು. ನಾವು ಸಂತೋಷದ ಮುಖ ನಿರೀಕ್ಷಿಸಿದ್ದೆವು. ಅವರು ಸಾವಿನ ಮನೆಗೆ ಬಂದವರಂತೆ ಇದ್ದರು.

"ಬೀದಿ ಪೂರ್ತಿ ನೋಡ್ದೆ" ಎಂದರು. "ಎಲ್ಲಾ ಸರಿ ಮಾಡಿದೀರಿ."

"ಹೂಂ" ಎಂದರು ಮಾವ.

"ಒಂದೇ ಒಂದು ಕಡೆ ನಿಲ್ಲಲಿಲ್ಲ ನಾನು. ಸೀದಾ ಬಂದುಬಿಟ್ಟೆ. ಇಷ್ಟು ಚಿಕ್ಕ ಬೀದಿ ಅಂತ ಗೊತ್ತೇ ಇರಲಿಲ್ಲ." ಜೇಬಿಗೆ ಕೈ ಹಾಕಿ ಸೀಮೆಸುಣ್ಣ ಮುಟ್ಟಿ ನೋಡಿಕೊಂಡರು. "ಡಾಕ್ಟರದ್ದೊಂದು ಉಳಿದಿದೆ" ಎಂದು ಸೇರಿಸಿದರು, ಸ್ವಲ್ಪ ಆಸೆಯಿಂದ.

"ಹೂಂ."

ಮೆಣಸು ಟೀ ತಂದಿಟ್ಟಳು. ಮೇಷ್ಟ್ರು ಅವಳನ್ನು ನೋಡಿ ತಲೆಯಾಡಿಸಿದರು, ಮತ್ತೆ ಮಾವನ ಕಡೆ ತಿರುಗಿದರು. "ಆ ಹಳಬ ನಿಮಗೆ ಗೊತ್ತಿದ್ನಾ?"

"ಹೂಂ."

"ಎಂಥವನು?"

ಮಾವ ಅತ್ತೆಯ ಕಡೆ ನೋಡಿದರು. ಅತ್ತೆ ಬಾಗಿಲ ಬಳಿ ಕೆಮ್ಮಿದರು. "ಹೀಗೇ… ಇದ್ದ" ಎಂದರು ಮಾವ. ತಮಗೆ ತಾವೇ ಏಕವಚನ ಕೊಟ್ಟುಕೊಂಡದ್ದನ್ನು ನಾನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

"ವ್ಯಾಕರಣ ಇಲ್ಲ" ಎಂದರು ಮೇಷ್ಟ್ರು.

"ಹೂಂ."

"ಹಿಂದಿಲ್ಲ ಮುಂದಿಲ್ಲ. ನಿನ್ನೆ, ನಾಳೆ ಎಲ್ಲಾ ಕಲಸುಮೇಲೋಗರ."

"ಹೂಂ."

"ತಲೇಲಿ ಏನಿತ್ತೋ ದೇವರಿಗೇ ಗೊತ್ತು."

"ಹೂಂ."

ಅತ್ತೆಯ ಮುಖ ಅರಳುತ್ತಿತ್ತು. ಇನ್ನು ಸ್ವಲ್ಪ ಹೊತ್ತು, ಟೀ ಮುಗಿಯುವಷ್ಟು ಹೊತ್ತು, ಹೀಗೇ ಬೈಸಿಕೊಂಡರೆ ಮಗಳ ಮದುವೆ ಆದಂತೆಯೇ. ಬೈಗುಳ ತಿನ್ನುವುದರಲ್ಲಿ ಮಾವ ಪಳಗಿದವರು. ಅವರನ್ನು ಕೆಡವಿದ್ದು ಅದಲ್ಲ.

"ಆದರೆ ಆ ಎಸ್!" ಎಂದರು ಮೇಷ್ಟ್ರು.

ಮಾವನ ಕೈಯಲ್ಲಿದ್ದ ಲೋಟ ನಿಂತಿತು.

"ಚಪ್ಪಲಿಯವನ ಬೋರ್ಡಿನಲ್ಲಿ ಮೂರಿದ್ದವು. ತಿದ್ದೋಕೆ ಎಷ್ಟು ಹೊತ್ತು ಬೇಕು? ಒಂದು ನಿಮಿಷ. ಆದರೆ ನಾನು ಅಲ್ಲಿ ನಿಂತೇ ಇರ್ತಿದ್ದೆ. ಕಪ್ಪು ಹಲಗೆ ಮೇಲೆ ಜೀವಮಾನವೆಲ್ಲ ಎಸ್ ಬರೆದವನು ನಾನು, ನನ್ನದು ನೆಟ್ಟಗೆ ನಿಂತದ್ದೇ ಇಲ್ಲ. ಅವನದು… ಕೊನೇಲಿ ಒಂದು ಚೂರು ಮೇಲಕ್ಕೆ ಏಳ್ತಿತ್ತು ನೋಡಿ. ತಪ್ಪು ಜಾಗದಲ್ಲಿ ಕೂತಿತ್ತು, ಆದರೆ ಏನು ಕೂತಿತ್ತು!" ಅವರು ಲೋಟ ಕೆಳಗಿಟ್ಟರು. "ನೀವು ಬರೆದ ಎಲೆ ಚೆನ್ನಾಗಿದೆ. ಬೇಜಾರು ಮಾಡ್ಕೋಬೇಡಿ, ಕೇಳ್ತೀನಿ. ಅದನ್ನ ಅಳಿಸೋಕೆ ನಿಮಗೆ ಕೈ ಹೇಗೆ ಬಂತು? ವ್ಯಾಕರಣ ನಿಮ್ಮದು ಸರಿ ಇರಬಹುದು. ಆದ್ರೆ ಕೆಲಸಗಾರಿಕೆಯಲ್ಲಿ ನೀವು ಅವನ ಹತ್ರಕ್ಕೂ ಬರಲ್ಲ."

"ನಾನೇ ಸಾರ್!" ಎಂದು ಮಾವ ಎದ್ದು ನಿಂತರು.

"ಏನು ನೀವೇ?"

"ಅವನು ನಾನೇ. ಊರು ಬಿಟ್ಟು ಹೋದವನು. ಎಲ್ಲಾ ಎಸ್ಸೂ ನಂದೇ. ಒಂದನ್ನೂ ಬೇರೆಯವರು ಬರೆದದ್ದಲ್ಲ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗಡಿಯಾರದ ಹುಡುಗ ಗೋಡೆಯ ಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಅದು ನಿಂತುಹೋಗಿತ್ತು.

"ವಾಶ್ಡ್?" ಎಂದರು ಮೇಷ್ಟ್ರು ಮೆಲ್ಲಗೆ.

"ನಾನೇ."

"ಬೇಕ್ಡ್?"

"ಮೇಲೆ ಐದು, ಕೆಳಗೆ ಐದು, ಸಾರ್. ಸಮ ಬರಲಿ ಅಂತ."

"ಡಾಕ್ಟರ್ ಆರ್?"

"ಹಿರಿಯರಲ್ವಾ ಸಾರ್."

ಮೇಷ್ಟ್ರು ಮಗನ ಕಡೆ ತಿರುಗಿದರು. ಮಗ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಅವರು ಎದ್ದು ಕೊಡೆ ತೆಗೆದುಕೊಂಡರು. "ಸರಿ. ಯೋಚನೆ ಮಾಡಿ ಹೇಳ್ತೀನಿ" ಎಂದರು.

ನಮ್ಮ ಮಾತಿನಲ್ಲಿ 'ಹೇಳ್ತೀನಿ' ಎನ್ನುವುದು ಇವತ್ತಿಗೂ ಆಗುತ್ತದೆ, ನಾಳೆಗೂ ಆಗುತ್ತದೆ, ಎಂದೆಂದಿಗೂ ಇಲ್ಲ ಎನ್ನುವುದಕ್ಕೂ ಆಗುತ್ತದೆ. ಅದು ಯಾವುದೆಂದು ಮೇಷ್ಟ್ರ ಬೆನ್ನು ನೋಡಿ ತಿಳಿಯುವಂತಿರಲಿಲ್ಲ. ಮೆಣಸು ಖಾಲಿ ಲೋಟಗಳನ್ನು ಎತ್ತದೆ ಅಲ್ಲೇ ನಿಂತಿದ್ದಳು. ನಾವೆಲ್ಲ ಅಂಗಳಕ್ಕೆ ಬಂದೆವು. ಮೇಷ್ಟ್ರು ಶಿಸ್ತಿನ ಮನುಷ್ಯ. ಮಗ ದಾಟಿದ ಮೇಲೆ ತಾವೂ ದಾಟಿ, ಗೋಡೆಗೆ ಒರಗಿದ್ದ ಗೇಟನ್ನು ಎಳೆದು, ಕೀಲು ಕಿರುಗುಟ್ಟುತ್ತಿದ್ದರೂ ಬಿಡದೆ ಮುಚ್ಚಿ, ಚಿಲಕ ಹಾಕಿದರು. ಆ ಮನೆಯ ಗೇಟಿಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಆಮೇಲೆ ತಲೆ ಎತ್ತಿದರು.

ನನಗೆ ಆಗ ಹೊಳೆಯಿತು. ದೀಪದ ಬುಡದಲ್ಲಿ ಕತ್ತಲೆ. ಇಡೀ ಬೀದಿಯನ್ನು ಹುಡುಕಿ ತಿದ್ದಿದವಳು ನಾನು, ಆ ಬೋರ್ಡನ್ನು ಚಿಕ್ಕಂದಿನಿಂದ ಬಲ್ಲವಳು ನಾನು. ಮಾವ ಜೀವಮಾನವೆಲ್ಲ ಬೇಡದ ಕಡೆಗೆ ಎಸ್ ಹಂಚಿ, ಬೇಕಾದ ಒಂದೇ ಕಡೆ ಕೊಡದೆ ಬಿಟ್ಟಿದ್ದರು.

"ಪೇಂಟರ್… ಲಿವ್… ಹಿಯರ್" ಎಂದು ಮೇಷ್ಟ್ರು ಗೇಟಿನಾಚೆಯಿಂದ ಗಟ್ಟಿಯಾಗಿ ಓದಿದರು. ಸರಳುಗಳ ನಡುವೆ ಅವರ ಮುಖ ಕಾಣುತ್ತಿತ್ತು. ನಿಧಾನವಾಗಿ, ಬಹಳ ದಿನದ ಮೇಲೆ ಪರಿಚಯದವರು ಸಿಕ್ಕಂತೆ, ಅದು ಬೆಳಗಿತು. ಕೈ ಜೇಬಿಗೆ ಹೋಯಿತು. ಸೀಮೆಸುಣ್ಣ ಲಿವ್ ಪಕ್ಕಕ್ಕೆ ಬಂತು, ಅತ್ತಿತ್ತ ಸರಿಯಿತು, ನಿಂತಿತು.

"ಅಲ್ಲಿ ಜಾಗ ಇಲ್ಲ ಸಾರ್" ಎಂದರು ಮಾವ ಒಳಗಿನಿಂದ. "ನಡುವೆ ಬ್ರಷ್ಷಿದೆ."

"ಬ್ರಷ್ಷು ಅಳಿಸಿದ್ರೆ?"

"ಅದನ್ನ ಮುಟ್ಟೋ ಹಾಗಿಲ್ಲ" ಎಂದರು ಅತ್ತೆ. ಅವರ ದನಿ ಹಾಗಿರುವುದನ್ನು ನಾನು ಕೇಳಿರಲಿಲ್ಲ. "ಅದು ನನ್ನ ಮದುವೇದು."

ಮೇಷ್ಟ್ರು ಕೈ ಹಿಂದಕ್ಕೆ ತೆಗೆದುಕೊಂಡರು.

"ಮೇಲಿನವರಿಗೆ ಕೊಟ್ರೆ ಆಯ್ತಲ್ಲ" ಎಂದಳು ಮೆಣಸು. ವಾರವಿಡೀ ಬಿಗಿದಿದ್ದ ನಾಲಗೆ ಬಿಚ್ಚಿಕೊಂಡಿತ್ತು. "ಒಂದೇ ಶಾಲು ತಾನೇ? ಪೇಂಟರ್ ಪಕ್ಕದಲ್ಲಿ ಬೇಕಾದಷ್ಟು ಜಾಗ ಇದೆ. ಈ ಮನೇಲಿ ಪೇಂಟರ್ ಒಬ್ಬರೇ ಅಂತ ಯಾರು ಹೇಳಿದ್ದು? ಅರ್ಧ ಬೀದಿಗೆ ಗೆರೆ ಹೊಡೆದವಳು ನಾನು."

ಮೇಷ್ಟ್ರು ಅವಳನ್ನು ಈಗ ಸರಿಯಾಗಿ ನೋಡಿದರು. ಮೊಣಕೈ ಮೇಲೆ ಉಳಿದಿದ್ದ ಹಸಿರನ್ನೂ ನೋಡಿದರು. ಸೀಮೆಸುಣ್ಣವನ್ನು ಸರಳಿನ ಸಂದಿಯಿಂದ ಒಳಕ್ಕೆ ಚಾಚಿ, "ಬರಿ" ಎಂದರು.

ಅವಳು ಗೇಟು ತೆರೆದು ಹೊರಗೆ ಹೋಗಿ ಬರೆದಳು. ಉಸಿರು ಹಿಡಿದು, ಕೈ ಎತ್ತದೆ. ಕೊನೆಯಲ್ಲಿ ಅದು ಒಂದು ಚೂರು ಮೇಲಕ್ಕೆ ಎದ್ದಿತು. ಮಾವನೂ ಹೊರಗೆ ಬಂದು, ಎರಡು ಹೆಜ್ಜೆ ಹಿಂದೆ ಸರಿದು ತಲೆ ವಾಲಿಸಿದರು. ಪಕ್ಕದಲ್ಲಿ ಮೇಷ್ಟ್ರೂ ಹಾಗೇ ತಲೆ ವಾಲಿಸಿದ್ದರು. "ಬಣ್ಣ ಹಾಕಿದ ಮೇಲೆ ನೋಡ್ತೀನಿ" ಎಂದಷ್ಟೇ ಹೇಳಿ, ಮಗನನ್ನು ಕರೆದುಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೋಗುವ ದಾರಿಯಲ್ಲಿ ನಾನು ಅಲ್ಲಿಗೆ ಹೋದೆ. ಗೇಟು ಮುಚ್ಚಿತ್ತು. ಮಾವ ಆಗಷ್ಟೇ ಬ್ರಷ್ಷು ತೊಳೆಯುತ್ತಿದ್ದರು. ಎಸ್ ಒದ್ದೆಯಾಗಿ ಹೊಳೆಯುತ್ತಿತ್ತು. ಬೀದಿಯ ತಿರುವಿನಲ್ಲಿ ಕೊಡೆ ಕಾಣಿಸಿತು. ಅಭ್ಯಾಸಬಲ, ಮಾವ ಏಣಿಗಾಗಿ ಅತ್ತಿತ್ತ ನೋಡಿದರು. ಏಣಿ ಹಿತ್ತಲಲ್ಲಿತ್ತು.

ಮೇಷ್ಟ್ರು ಬಂದು ಗೇಟಿನ ಮುಂದೆ ನಿಂತರು. ನೋಡಿದರು. ಬಾಲದ ತುದಿಯನ್ನು ಬೆರಳಿನಿಂದ ಮುಟ್ಟಿದರು.

"ಒಣಗಿಲ್ಲ ಸಾರ್" ಎಂದರು ಮಾವ.

"ಮುಟ್ಟಿದ ಮೇಲೆ ಹೇಳಿ" ಎಂದರು ಮೇಷ್ಟ್ರು, ಬೆರಳಿಗಂಟಿದ ನೀಲಿಯನ್ನು ನೋಡಿಕೊಳ್ಳುತ್ತ.

ಮಾವನಿಗೆ ಏನು ತೋಚಿತೋ, ಒಳಕ್ಕೆ ತಿರುಗಿ, "ಲೇ, ಬೀಗರು ಬಂದಿದಾರೆ, ಟೀ ಇಡು!" ಎಂದು ಕೂಗಿದರು.

"ನಿಮಗೇನು ತಲೆ ಸರಿ ಇದೆಯಾ?" ಎಂದು ಅಡಿಗೆಮನೆಯಿಂದ ಅತ್ತೆ. "ಅವರು ಇನ್ನೂ ಹೂಂ ಅಂದೇ ಇಲ್ಲ, ಆಗಲೇ ಬೀಗರಾ?"

ಮೇಷ್ಟ್ರು ಬೆರಳನ್ನು ಕೊಡೆಗೆ ಒರೆಸಿಕೊಂಡು, ಗೇಟಿನಾಚೆಯಿಂದ ಒಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ, "ಹೂಂ" ಎಂದರು.